ಜೋತಮ್ಮ ಮತ್ತು ಕರೆಂಟು

ಪರಿಸರ ಮತ್ತು ಸಾಹಿತ್ಯ ಅಂತ ಹೆಸರಿಟ್ಟ ಯಾವ ವಿಚಾರ ಸಂಕಿರಣಕ್ಕೆ ಹೋದರೂ ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕನ್ನಡದಲ್ಲಿ ಹವಾಮಾನ ಬದಲಾವಣೆಯ ಕಾದಂಬರಿ ಎಲ್ಲಿದೆ? ಕೇಳುವವರು ಹೆಚ್ಚಾಗಿ ಅಮಿತಾವ್ ಘೋಷ್ ಅವರ 'ದಿ ಗ್ರೇಟ್ ಡಿರೇಂಜ್‌ಮೆಂಟ್' ಓದಿಕೊಂಡು ಬಂದಿರುತ್ತಾರೆ. ಗಂಭೀರ ಎನಿಸಿಕೊಂಡ ಕಾದಂಬರಿ ನಮ್ಮ ಕಾಲದ ಅತಿ ದೊಡ್ಡ ಸಂಗತಿಯನ್ನು ಹೊಸ್ತಿಲಾಚೆಯೇ ನಿಲ್ಲಿಸಿದೆ ಎಂಬುದು 2016ರಲ್ಲಿ ಬಂದ ಆ ಪುಸ್ತಕದ ವಾದ. ಉತ್ತರವಾಗಿ ಒಬ್ಬರು ತೇಜಸ್ವಿಯವರ ಹೆಸರು ಹೇಳುತ್ತಾರೆ, ಇನ್ನೊಬ್ಬರು ಕಾರಂತರ ಹೆಸರು. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ.

ಉತ್ತರ ಸಿಗುವುದಿಲ್ಲ ಎಂಬುದಕ್ಕಿಂತ ನಾವು ಹುಡುಕುವ ಪದವೇ ಸರಿಯಿಲ್ಲ ಎಂಬುದು ನನ್ನ ತಕರಾರು. 'ಹವಾಮಾನ' ಎಂದು ಹುಡುಕಿದರೆ ಮಳೆ, ಬರ, ಕಾಡು ಸಿಗುತ್ತವೆ. ಅವನ್ನು 'ನಿಸರ್ಗ ವರ್ಣನೆ' ಎಂಬ ಹಳೆಯ ಕಪಾಟಿಗೆ ಸೇರಿಸಿ ಬೀಗ ಹಾಕುತ್ತೇವೆ. ಆದರೆ ಭೂಮಿ ಬಿಸಿಯಾಗುತ್ತಿರುವುದು ನಾವು ಸುಡುವುದರಿಂದ. ಹಾಗಾದರೆ ಹುಡುಕಬೇಕಾದದ್ದು ಒಲೆ, ಸೌದೆ, ಇದ್ದಿಲು, ದೀಪ, ಸೀಮೆಎಣ್ಣೆ, ಕರೆಂಟು. ಘೋಷ್ ಅವರೇ 1992ರಲ್ಲಿ ಅಬ್ದುಲ್ ರಹಮಾನ್ ಮುನೀಫ್ ಅವರ ಕಾದಂಬರಿಗಳ ಕುರಿತು ಬರೆಯುತ್ತಾ, ತೈಲದ ಸುತ್ತ ದೊಡ್ಡ ಸಾಹಿತ್ಯ ಯಾಕೆ ಹುಟ್ಟಲಿಲ್ಲ ಎಂದು ಕೇಳಿದ್ದರು. ನಮ್ಮಲ್ಲಿ ತೈಲಬಾವಿಯೂ ಇಲ್ಲ, ಕಲ್ಲಿದ್ದಲ ಗಣಿಯೂ ಇಲ್ಲ. ಕರ್ನಾಟಕಕ್ಕೆ ಇದ್ದದ್ದು ನೀರು. ಈಗ ಅದರ ಜೊತೆಗೆ ಬಿಸಿಲು, ಗಾಳಿ. ಜಗತ್ತು ಇವತ್ತು 'ಸ್ವಚ್ಛ ಇಂಧನ' ಎಂದು ಕರೆಯುವುದರ ಜೊತೆ ನಮಗೆ ನೂರಿಪ್ಪತ್ತು ವರ್ಷ ಮೀರಿದ ಒಡನಾಟವಿದೆ. ಅದರ ಲೆಕ್ಕ ನಮ್ಮ ಸಾಹಿತ್ಯದಲ್ಲಿ ಬಿದ್ದಿರಲೇಬೇಕಲ್ಲ?

ಆ ಒಡನಾಟ ಶುರುವಾದದ್ದು ನಮ್ಮ ಜಿಲ್ಲೆಯ ಅಂಚಿನಲ್ಲೇ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು 1905ರಲ್ಲಿ. ಜಲಪಾತದ ಆಚೆ ದಡದ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಭೋರ್ಗರೆತ ಕೇಳುವ ದೂರದ ಹಳ್ಳಿಗಳಿಗೆ ದೀಪ ಬಂದದ್ದು ಎಷ್ಟೋ ದಶಕಗಳ ಮೇಲೆ. ಶಕ್ತಿ ಹುಟ್ಟುವ ಜಾಗಕ್ಕೂ ಅದು ಉರಿಯುವ ಜಾಗಕ್ಕೂ ನಡುವಿನ ಈ ದೂರ ಆವತ್ತಿನಿಂದ ಇವತ್ತಿನವರೆಗೂ ಹಾಗೇ ಇದೆ. ಕನ್ನಡ ಸಾಹಿತ್ಯ ಈ ದೂರವನ್ನು ಹೇಗೆ ಬರೆದಿದೆ ಎಂಬುದು ನನ್ನ ಪ್ರಶ್ನೆ.

ಮೊದಲು ನೆನಪಾಗುವುದು ನಾ. ಡಿಸೋಜ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳೆಲ್ಲ ಅವರನ್ನು 'ಮುಳುಗಡೆಯ ಲೇಖಕ' ಎಂದು ಕರೆದವು. ಸರಿಯೇ. ಲೋಕೋಪಯೋಗಿ ಇಲಾಖೆಯ ನೌಕರನಾಗಿ ಶರಾವತಿ ಸೀಮೆಯನ್ನು ಹತ್ತಿರದಿಂದ ಕಂಡವರು ಅವರು. 'ಮುಳುಗಡೆ', 'ದ್ವೀಪ' ಆ ಅನುಭವದಿಂದ ಬಂದವು. ಆದರೆ 'ಮುಳುಗಡೆ ಸಾಹಿತ್ಯ' ಎಂಬ ಹಣೆಪಟ್ಟಿಯಿಂದ ಒಂದು ತೊಂದರೆಯಾಗಿದೆ: ನೀರು ಏರಿತು, ಜನ ಹೋದರು, ಅಯ್ಯೋ ಪಾಪ ಎನ್ನುವಲ್ಲಿಗೆ ಓದು ನಿಂತುಬಿಡುತ್ತದೆ. ನೀರು ಯಾತಕ್ಕೆ ಏರಿತು? ಕರೆಂಟಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು ದೀಪ ಹಚ್ಚಲಿಕ್ಕೆ, ಕಾರ್ಖಾನೆ ನಡೆಸಲಿಕ್ಕೆ. ಹೊಗೆ ಇಲ್ಲದ, ಬೂದಿ ಇಲ್ಲದ ಶಕ್ತಿಗಾಗಿ ಊರು ಬಿಟ್ಟವರ ಕತೆ 'ದ್ವೀಪ'. ಇಂಧನ ಪರಿವರ್ತನೆಯ ಕಾದಂಬರಿ ಎಂದು ಹೊರಗಿನವರು ಇಂಥದ್ದನ್ನು ಈಗ ಹುಡುಕುತ್ತಿದ್ದಾರೆ. ನಮ್ಮಲ್ಲಿ ದಶಕಗಳ ಹಿಂದೆಯೇ ಬರೆದಿಟ್ಟಾಗಿದೆ.

'ದ್ವೀಪ'ದ ದೊಡ್ಡ ಗುಣ ಅದರ ನಿಧಾನ. ಗಣಪಯ್ಯನ ಮನೆಯ ಸುತ್ತ ನೀರು ಒಮ್ಮೆಲೇ ನುಗ್ಗುವುದಿಲ್ಲ, ಮಳೆ ಮಳೆಗೂ ಒಂದಿಷ್ಟು ಏರುತ್ತದೆ. ನೆರೆಯವರು ಪರಿಹಾರ ತೆಗೆದುಕೊಂಡು ಹೋಗುತ್ತಾರೆ. ಗುಡ್ಡದ ಮೇಲೆ ಗಂಡ ಹೆಂಡತಿ ಉಳಿಯುತ್ತಾರೆ. ನೀರಿನ ಭಯ ನಿಧಾನಕ್ಕೆ ಅವರಿಬ್ಬರ ನಡುವಿನ ಭಯವೂ ಆಗುತ್ತದೆ. ಹವಾಮಾನದ ಅಪಾಯವನ್ನು ಬರೆಯುವುದು ಕಷ್ಟ ಎನ್ನುವವರು ಕೊಡುವ ಕಾರಣ ಅದು ಬಲು ಮೆಲ್ಲಗೆ ಬರುತ್ತದೆ ಎಂಬುದು. ಮೆಲ್ಲಗೆ ಬರುವುದನ್ನು ಬರೆಯುವುದು ಹೇಗೆ ಎಂದು ಡಿಸೋಜ ತೋರಿಸಿದ್ದಾರೆ: ದುರಂತವನ್ನು ಅಡುಗೆಮನೆಗೆ ತಂದು ಕೂರಿಸಿ. ಗಿರೀಶ್ ಕಾಸರವಳ್ಳಿಯವರ ಸಿನಿಮಾ (2002) ಇದನ್ನೇ ನಾಗವೇಣಿಯ ಕಡೆಯಿಂದ ನೋಡಿತು. ಆ ದೃಷ್ಟಿ ಮೂಲಕ್ಕಿಂತ ಹರಿತವಾಗಿದೆ ಎಂಬುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಈಗ 'ದ್ವೀಪ'ವನ್ನು ಮತ್ತೆ ಓದುವುದಕ್ಕೆ ಹೊಸ ಕಾರಣಗಳಿವೆ. ಆ ಹಿನ್ನೀರು ನಿಜವಾಗಿಯೂ ದ್ವೀಪದಂತೆ ಮಾಡಿಟ್ಟ ಸಿಗಂದೂರಿನ ಕಡೆಯ ಜನಕ್ಕೆ ಸೇತುವೆ ಆದದ್ದು 2025ರ ಜುಲೈಯಲ್ಲಿ, ಅಣೆಕಟ್ಟು ಮುಗಿದು ಅರವತ್ತು ವರ್ಷ ಕಳೆದ ಮೇಲೆ. ಅದೇ ಶರಾವತಿ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬರಬೇಕೆಂದು ಸರ್ಕಾರ, ಬೇಡವೆಂದು ಅಲ್ಲಿಯ ಜನ. ಬೇಡಿಕೆ ಕಡಿಮೆ ಇದ್ದಾಗ ಹೆಚ್ಚಾದ ಕರೆಂಟಿನಿಂದ ನೀರನ್ನು ಮೇಲಕ್ಕೆ ಎತ್ತುವುದು, ಬೇಕಾದಾಗ ಕೆಳಕ್ಕೆ ಬಿಟ್ಟು ಮತ್ತೆ ಕರೆಂಟು ಮಾಡುವುದು ಅದರ ಉಪಾಯ. ಹಗಲು ಬಯಲುಸೀಮೆಯಲ್ಲಿ ಹುಟ್ಟಿದ ಸೌರಶಕ್ತಿಗೆ ಸಂಜೆಯ ಬ್ಯಾಟರಿಯಾಗಿ ಮಲೆನಾಡಿನ ಕಣಿವೆ. ಪಾವಗಡದ ಬಿಸಿಲಿಗೂ ಶರಾವತಿಯ ಸಿಂಗಳೀಕಕ್ಕೂ ಹೀಗೆ ನಂಟು ಬೆಳೆಯುತ್ತದೆ ಎಂದು ಯಾರು ಎಣಿಸಿದ್ದರು?

ಆದರೆ ಪಾವಗಡಕ್ಕೆ ಬಂದ ಕೂಡಲೇ ಡಿಸೋಜ ಅವರ ಮಾದರಿ ಸಾಲದೆ ಹೋಗುತ್ತದೆ. ಅಲ್ಲಿ ಏನೂ ಮುಳುಗಲಿಲ್ಲ. ತಿರುಮಣಿ, ವಳ್ಳೂರು ಸೇರಿ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿತು. ಜಮೀನನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಬರದಲ್ಲಿ ಬೆಂದ ಸೀಮೆಯ ಜಮೀನುದಾರನಿಗೆ ಅದು ಮಳೆಗಿಂತ ನಂಬಿಕೆಯ ಆದಾಯ. ಅವನು ಗಣಪಯ್ಯನಲ್ಲ, ಅವನಿಗೆ ನಷ್ಟವಾಗಿಲ್ಲ. ನಷ್ಟವಾದದ್ದು ಆ ಹೊಲಕ್ಕೆ ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ. ಜಮೀನು ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಪರಿಹಾರದ ಪಟ್ಟಿಯಲ್ಲಿ ಹೆಸರೂ ಇಲ್ಲ. ಊರು ಒಂದು ಕಡೆ, ಸರ್ಕಾರ ಒಂದು ಕಡೆ ಎಂಬ ಮುಳುಗಡೆಯ ಕಥನ ಈ ನಷ್ಟವನ್ನು ಹಿಡಿಯಲಾರದು. ಯಾಕೆಂದರೆ ಗೆರೆ ಎಳೆದಿರುವುದು ಊರಿನ ಒಳಗೇ.

ಊರೊಳಗಿನ ಗೆರೆಯನ್ನು ಬರೆಯಲು ಬೇಕಾದ ಕಣ್ಣು ಬೇರೆ. ಅದು ನನಗೆ ಸಿಕ್ಕಿದ್ದು 'ಕುಸುಮಬಾಲೆ'ಯಲ್ಲಿ. ದೇವನೂರ ಮಹಾದೇವ ಅವರ ಈ ಕಾದಂಬರಿ ಬಂದದ್ದು 1984ರಲ್ಲಿ. ಅದನ್ನು ನಾವು ದಲಿತ ಕಾದಂಬರಿಯಾಗಿ ಓದಿದೆವು, ಭಾಷೆಯ ಪ್ರಯೋಗವಾಗಿ ಓದಿದೆವು, ಮಾಂತ್ರಿಕ ವಾಸ್ತವ ಎಂದು ಲ್ಯಾಟಿನ್ ಅಮೆರಿಕಕ್ಕೆ ಗಂಟು ಹಾಕಿ ಓದಿದೆವು. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದ ಉತ್ತರ ಕರ್ನಾಟಕದ ಗೆಳೆಯನಿಗೆ ಅದರ ಭಾಷೆ ಕಬ್ಬಿಣದ ಕಡಲೆ. ನನಗೆ ಅದು ಅವ್ವ ಆಡುವ ಮಾತು; ನಂಜನಗೂಡಿನ ದೇವನೂರಿಗೂ ಗುಂಡ್ಲುಪೇಟೆಗೂ ಮಾತಿನಲ್ಲಿ ಅಂಥ ದೂರವಿಲ್ಲ. ಬಹುಶಃ ಅದಕ್ಕೇ ನನ್ನ ಕಣ್ಣು ಮಾತಿನ ಮೋಡಿಗಿಂತ ಮೊದಲು ಜೋತಮ್ಮಂದಿರ ಮೇಲೆ ನಿಂತಿತು.

ಓದಿಲ್ಲದವರಿಗಾಗಿ ಹೇಳುತ್ತೇನೆ. ಊರು ಮಲಗಿ ಮನೆಮನೆಯ ದೀಪ ಆರಿದ ಮೇಲೆ ಆ ದೀಪಗಳ ಜೀವಗಳು, ಜೋತಮ್ಮಂದಿರು, ಹೊರಗೆ ಬಂದು ಒಂದು ಕಡೆ ಸೇರುತ್ತಾರೆ. ತಮ್ಮ ತಮ್ಮ ಮನೆಯಲ್ಲಿ ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇದು ದೇವನೂರರು ಶೂನ್ಯದಿಂದ ತಂದದ್ದಲ್ಲ. ದೀಪಗಳು ರಾತ್ರಿ ಸೇರಿ ಮಾತಾಡುವ ಕತೆ ನಮ್ಮ ಜನಪದದಲ್ಲಿದೆ, ಎ.ಕೆ. ರಾಮಾನುಜನ್ ಅವರ ಸಂಗ್ರಹದ ಮೂಲಕ ಹೊರಗೂ ಹೋಗಿದೆ. ನಮ್ಮ ಕಡೆ ಹಿರಿಯರು ದೀಪ ಆರಿಸು ಎನ್ನುವುದಿಲ್ಲ, ದೀಪ ದೊಡ್ಡದು ಮಾಡು ಎನ್ನುತ್ತಾರೆ. ದೀಪಕ್ಕೆ ಜೀವವಿದೆ, ಅದಕ್ಕೆ ಸಾವಿನ ಮಾತು ಹೇಳಬಾರದು.

ಇಂಧನದ ಕಡೆಯಿಂದ ಓದಿದರೆ ಈ ಭಾಗದಲ್ಲಿ ಮೂರು ಸಂಗತಿ ಕಾಣುತ್ತವೆ. ಜೋತಮ್ಮ ಒಂದು ಮನೆಗೆ ಸೇರಿದವಳು. ಆ ಮನೆಯ ಎಣ್ಣೆ ಉಂಡವಳು. ಎಣ್ಣೆ ಬೇಗ ಮುಗಿಯುವ ಮನೆ ಯಾವುದು, ನಡುರಾತ್ರಿವರೆಗೂ ಉರಿಸುವ ಮನೆ ಯಾವುದು, ಅವಳಿಗೆ ಗೊತ್ತು. ಬೆಳಕು ಎಂದರೆ ಇಲ್ಲಿ ಸಾಕ್ಷಿ. ಕುಸುಮಳನ್ನು ಪ್ರೀತಿಸಿದ ದಲಿತ ಹುಡುಗ ಚೆನ್ನನ ಕೊಲೆಯನ್ನು ಹಗಲಿನಲ್ಲಿ ಬಾಯಿಬಿಡದ ಊರಿನಲ್ಲಿ, ಮಾತಾಡಲು ಉಳಿದವರು ದೀಪಗಳು, ಮಂಚದಂಥ ವಸ್ತುಗಳು ಮಾತ್ರ. ಇನ್ನು ಮೂರನೆಯದು ನನಗೆ ಬಹಳ ಮುಖ್ಯ: ಮೇಲಿನ ಬೀದಿಯ ದೀಪವೂ ಕೇರಿಯ ದೀಪವೂ ಒಂದೇ ಜಾತಿಯವು ಎಂಬಂತೆ ಜೋತಮ್ಮಂದಿರು ಕೂಡಿ ಕೂರಬಲ್ಲರು. ಮನೆಯವರು ಹಾಗೆ ಕೂರಲಾರರು.

ಕರೆಂಟಿಗೆ ಈ ಗುಣ ಇಲ್ಲ. ಅದು ಯಾವ ಮನೆಯದೂ ಅಲ್ಲ. ಅದು ಬರುತ್ತದೆ, ಹೋಗುತ್ತದೆ. 'ಕರೆಂಟು ಬಂದದ ಕನವ್ವ' ಎನ್ನುವಾಗ ನಾವು ನೆಂಟರ ಬಗ್ಗೆ ಮಾತಾಡಿದ ಹಾಗೇ ಮಾತಾಡುತ್ತೇವೆ. ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಬೆಂಗಳೂರಿನ ಸ್ವಿಚ್ಚಿನಲ್ಲಿ ಬೆರಳಿಗೆ ಮಸಿ ತಾಗುವುದಿಲ್ಲ. ಮಸಿ, ಹಾರುಬೂದಿ ರಾಯಚೂರಿನ ಶಕ್ತಿನಗರದಲ್ಲಿ. 'ಕ್ಲೀನ್ ಎನರ್ಜಿ'ಯನ್ನು ನಮ್ಮ ಪತ್ರಿಕೆಗಳು 'ಶುದ್ಧ ಇಂಧನ' ಎಂದು ಬರೆಯುವಾಗ ನನಗೆ ಇದೇ ಕಸಿವಿಸಿ. ಶುದ್ಧ ಎಂಬುದು ಕನ್ನಡದಲ್ಲಿ ಅಷ್ಟು ಅಮಾಯಕ ಪದವಲ್ಲ. ಅದರ ಹಿಂದೆ ಮಡಿ ಇದೆ, ಮಡಿಯ ಹಿಂದೆ ಮೈಲಿಗೆಯನ್ನು ಮುಟ್ಟಬೇಕಾದ ಬೇರೆ ಯಾರೋ ಇದ್ದಾರೆ. ನನ್ನ ಮನೆಯ ಶುದ್ಧಕ್ಕಾಗಿ ಇನ್ನೊಬ್ಬರ ಅಂಗಳಕ್ಕೆ ಹೊಲಸು ಸಾಗಿಸುವ ವ್ಯವಸ್ಥೆ ನಮಗೆ ಹೊಸದೇನಲ್ಲ. 'ಕುಸುಮಬಾಲೆ' ಓದಿದವರಿಗೆ ಆ ಪದ ಸಲೀಸಾಗಿ ಗಂಟಲಲ್ಲಿ ಇಳಿಯಬಾರದು.

ಹಾಗಂತ ಸೌರಶಕ್ತಿ ಬೇಡ ಎಂದು ಹೇಳುವ ಸುಖ ನನಗಿಲ್ಲ. ಪರಿಸರದ ಬಗ್ಗೆ ಬರೆಯುವ ನಮ್ಮ ಕೆಲವು ವಿಮರ್ಶಕರಿಗೆ ದೀಪದ ಮೇಲೆ, ಸೌದೆ ಒಲೆಯ ಮೇಲೆ ಒಂದು ಮೋಹವಿದೆ. ಹೊಗೆ ಕುಡಿದ ಹೆಂಗಸರನ್ನು ಅವರು ಕೇಳಿಲ್ಲ. ನಮ್ಮ ಊರು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುತ್ತದೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಸರದಿಯಲ್ಲಿ ಅಪ್ಪ ಟಾರ್ಚು, ಒಂದು ತಗಡಿನ ಡಬ್ಬ ಹಿಡಿದು ಮೋಟ್ರು ಹಾಕಲು ಹೋಗುತ್ತಿದ್ದರು. ಬಂಡೀಪುರದ ಕಡೆಯಿಂದ ಆನೆ ಇಳಿಯುವುದೂ ಅದೇ ಹೊತ್ತಿಗೆ. ಅವರು ವಾಪಸು ಬಂದು ಬಾಗಿಲು ತಟ್ಟುವವರೆಗೆ ಅವ್ವ ಮಲಗುತ್ತಿರಲಿಲ್ಲ. ಕಾಡುಪ್ರಾಣಿಗಳ ನೆಮ್ಮದಿಗಾಗಿ 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ನಿಂತಿವೆ. ಅದು ಸರಿಯಾದ ತೀರ್ಮಾನ ಎಂದೇ ನನ್ನ ಮತ. ಆದರೆ ಅದೇ ಹೊತ್ತಿನಲ್ಲಿ ಪಕ್ಕದ ಹೊಲದ ರೈತನನ್ನು ಹೊರಗೆ ಕರೆಯುವುದು ಕರೆಂಟು. ಹಗಲು ತ್ರೀ ಫೇಸ್ ಕೊಡಿ ಎಂಬ ಬೇಡಿಕೆ ನಮ್ಮ ಕಡೆ ಜೀವದ ಪ್ರಶ್ನೆ. ಬಿಸಿಲಿನಿಂದ ನಡೆಯುವ ಪಂಪಿಗೆ ರಾತ್ರಿಯ ಸರದಿಯೇ ಇಲ್ಲ.

ಪಂಪ್‌ಸೆಟ್ಟುಗಳನ್ನು ಸೌರಶಕ್ತಿಗೆ ತರುವ ಕೇಂದ್ರದ ಯೋಜನೆ 2019ರಲ್ಲಿ ಶುರುವಾಯಿತು. ಅದರ ಉದ್ದನೆಯ ಹಿಂದಿ ಹೆಸರನ್ನು ಚಿಕ್ಕದು ಮಾಡಿದರೆ ಉಳಿಯುವುದು: ಕುಸುಮ್. ಕಾಕತಾಳೀಯ, ಬೇರೇನಲ್ಲ. ಆದರೂ ವಿಮರ್ಶೆ ಓದಿ ಕೆಟ್ಟ ತಲೆಗೆ ಇಂಥದ್ದು ಸುಮ್ಮನೆ ಬಿಡುವುದಿಲ್ಲ. ಕುಸುಮ್‌ನಲ್ಲಿ ಮೂರು ಭಾಗ: ರೈತರ ಜಮೀನಿನಲ್ಲಿ ಸಣ್ಣ ಸೌರ ಘಟಕ, ಕಂಬದ ಹಂಗಿಲ್ಲದ ಸೌರ ಪಂಪು, ಈಗಿರುವ ಪಂಪುಗಳಿಗೆ ಸೌರ ವಿದ್ಯುತ್ತು. ಮೂರಕ್ಕೂ ಬೇಕಾದದ್ದು ಜಮೀನು ಅಥವಾ ಕೊಳವೆಬಾವಿ. ಎರಡೂ ಇಲ್ಲದವರ ಜೋತಮ್ಮ ಈ ಯೋಜನೆಯಲ್ಲಿ ಎಲ್ಲಿ ಕೂರಬೇಕು? ಪಾವಗಡದಲ್ಲಿ ಕೇಳಿದ ಪ್ರಶ್ನೆಯೇ ಇಲ್ಲೂ ಎದುರಾಗುತ್ತದೆ. ಇನ್ನು ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಹಲವು ಊರುಗಳಿಗೆ ಕಂಬವೇ ಹೋಗಿಲ್ಲ. ಅಲ್ಲಿ ಉರಿಯುವುದು ಸೋಲಾರ್ ದೀಪ, ಅದೂ ಬ್ಯಾಟರಿ ಕೈಕೊಡುವವರೆಗೆ. ಆ ದೀಪಕ್ಕೆ ಮಾತ್ರ ಹಳೆಯ ಜೋತಮ್ಮನ ಗುಣ ಇದೆ, ಅದು ಆ ಮನೆಯದೇ. ಒಂದು ಬ್ಯಾಟರಿ ಸತ್ತಾಗ ಆ ಮನೆ ಮಾತ್ರ ಕತ್ತಲಾಗುತ್ತದೆ, ಉಳಿದವರಿಗೆ ಗೊತ್ತೂ ಆಗುವುದಿಲ್ಲ.

ನೀರಿನ ಕರೆಂಟು ನಂಬಿ ಕೂರುವ ಕಾಲವೂ ಹೋಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಜಲಾಶಯಗಳ ಜೊತೆ ವಿದ್ಯುತ್ತೂ ಬತ್ತಿತು. ಆ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟುಗಳಿಗೆ ಕೊಡುವ ಗಂಟೆಗಳೂ ಕಡಿಮೆಯಾದವು. ಗುಂಡ್ಲುಪೇಟೆಯ ಕೆರೆಗಳಿಗೆ ನೀರು ಬರುವುದೂ ಕಬಿನಿಯಿಂದ ಪಂಪು ಎತ್ತಿಕೊಟ್ಟರೆ. ಮಳೆ ಇಲ್ಲದಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ನೀರಿಲ್ಲ. ಗಣಪಯ್ಯ ಹೆದರಿದ್ದು ಮಳೆ ಬರುವುದಕ್ಕೆ. ನಾವು ಹೆದರುವುದು ಬಾರದಿರುವುದಕ್ಕೆ. ಎರಡೂ ಭಯ ಒಂದೇ ಅಣೆಕಟ್ಟಿನ ಎರಡು ಕಡೆ.

ಘೋಷ್ ಅವರ ವಾದಕ್ಕೆ ಇಲ್ಲಿ ಒಂದು ಮಾತು. ಅಸಂಭವವಾದದ್ದನ್ನು ಹೊರಗಿಟ್ಟು, ದಿನನಿತ್ಯದ ಸಂಭವವನ್ನೇ ನೆಚ್ಚಿಕೊಂಡದ್ದರಿಂದ ವಾಸ್ತವವಾದಿ ಕಾದಂಬರಿ ಕುರುಡಾಯಿತು ಎನ್ನುತ್ತಾರೆ ಅವರು. ಯುರೋಪಿನ ಕಾದಂಬರಿಗೆ ಇದು ಒಪ್ಪಬಹುದು. ದೀಪ ಮಾತಾಡುವ ಕಾದಂಬರಿ ಇರುವ ಭಾಷೆಗೆ ಇದನ್ನು ಹಾಗೇ ತಂದು ಹೊದಿಸುವುದು ಸೋಮಾರಿತನ. ನಮ್ಮ ಕೊರತೆ ಬೇರೆ. ನಮ್ಮಲ್ಲಿ ಬರಹ ಇದೆ, ಅದನ್ನು ಇಂಧನದ ಪ್ರಶ್ನೆ ಇಟ್ಟುಕೊಂಡು ಓದುವ ವಿಮರ್ಶೆ ಸಾಲದು. ದಲಿತ, ಜನಪದ, ಪರಿಸರ ಎಂದು ಬೇರೆ ಬೇರೆ ಪತ್ರಿಕೆಗಳಾಗಿ ಪಠ್ಯವನ್ನು ಹಂಚಿಕೊಂಡು, ಪರೀಕ್ಷೆಯಲ್ಲಿ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆದು ಪಾಸಾದವರು ನಾವು.

ಹಾಗೆ ಹಂಚಿಹೋದದ್ದರಲ್ಲಿ ದೊಡ್ಡದು ಮಂಟೇಸ್ವಾಮಿ ಕಾವ್ಯ. ನಮ್ಮ ಸೀಮೆಯ ನೀಲಗಾರರು ರಾತ್ರಿಯಿಡೀ ಹಾಡುವ ಈ ಕಾವ್ಯದಲ್ಲಿ ಮಂಟೇಸ್ವಾಮಿ ಪರಂಜ್ಯೋತಿ. ಬೆಳಕೇ ದೇವರು. ಆದರೆ ಆ ಬೆಳಕು ಕಲ್ಯಾಣಕ್ಕೆ ಬರುವ ರೀತಿ ನೋಡಿ: ಸತ್ತ ಕರುವಿನ ಮಾಂಸ ಹೊತ್ತು, ಗಬ್ಬು ನಾರುತ್ತಾ, ಶರಣರ ಮಡಿಯನ್ನು ಪರೀಕ್ಷೆಗೆ ಒಡ್ಡುತ್ತಾ. ಬಸವಣ್ಣ ಅವನನ್ನು ಹುಡುಕಬೇಕಾದದ್ದು ತಿಪ್ಪೆಯಲ್ಲಿ. ಹೊಲಸನ್ನು ಆಚೆ ಅಟ್ಟಿ ಬೆಳಕನ್ನು ಈಚೆ ಇಟ್ಟುಕೊಳ್ಳುತ್ತೇನೆ ಎನ್ನುವವರಿಗೆ ಆ ಜ್ಯೋತಿ ದಕ್ಕುವುದಿಲ್ಲ. ಶುದ್ಧ ಇಂಧನ ಎಂಬ ಪದದ ಮೇಲೆ ಇದಕ್ಕಿಂತ ಒಳ್ಳೆಯ ಟೀಕೆ ನನಗೆ ಎಲ್ಲೂ ಸಿಕ್ಕಿಲ್ಲ. (ಎಂಬತ್ತರ ದಶಕದ ಗೋಬರ್ ಗ್ಯಾಸ್ ಗುಂಡಿಗಳನ್ನು ನೆನೆಸಿಕೊಂಡು ನಗುವವರು ನಗಲಿ. ತಿಪ್ಪೆಯೊಳಗೆ ಬೆಂಕಿ ಇದೆ ಎಂಬುದು ಆಗ ಊರಿಗೇ ಗೊತ್ತಿತ್ತು.)

ಇದೇ ಕಾವ್ಯದ ಸಿದ್ದಪ್ಪಾಜಿಯ ಸಾಲಿನಲ್ಲಿ ಮಂಟೇಸ್ವಾಮಿ ತನ್ನ ಶಿಷ್ಯನನ್ನು ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅವರು ಕೊಡಲು ಒಪ್ಪುವುದಿಲ್ಲ. ಸಿದ್ದಪ್ಪಾಜಿಯನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಜಾತಿಯ ಕತೆಯಾಗಿ, ಪಂಥಗಳ ಜಗಳವಾಗಿ ಇದರ ಮೇಲೆ ಒಳ್ಳೆಯ ಬರಹಗಳು ಬಂದಿವೆ. ಕುಲುಮೆಯ ಕತೆಯಾಗಿ ಓದಿದರೆ ಏನಾಗುತ್ತದೆ? ಕಬ್ಬಿಣ ಕರಗಲು ಇದ್ದಿಲು ಬೇಕು, ಇದ್ದಿಲಿಗೆ ಕಾಡು ಬೇಕು. ಕುಲುಮೆ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ನೇಗಿಲಿನ ಗುಳವೂ ಇದೆ, ಕತ್ತಿಯೂ ಇದೆ. ಅಂಥವರ ಮುಂದೆ ಒಬ್ಬ ನಿಂತು ಹಂಚಿಕೊಳ್ಳಿ ಎಂದು ಕೇಳುತ್ತಾನೆ. ಭಿಕ್ಷೆ ಎಂದರೆ ಇಲ್ಲಿ ದೈನ್ಯವಿಲ್ಲ. ಇದು ನಿಮ್ಮದೊಂದೇ ಸೊತ್ತಲ್ಲ ಎಂದು ನೆನಪಿಸುವ ಹಕ್ಕು. ಆ ಹಲಗೂರಿನಿಂದ ಶಿವನಸಮುದ್ರಕ್ಕೆ ದಾರಿ ದೂರವೇನಿಲ್ಲ. ಕುಲುಮೆಯ ಊರಿನ ಪಕ್ಕದಲ್ಲೇ ಟರ್ಬೈನು ಬಂತು, ಕೊಡು ಎಂದು ಕೇಳುವವನು ಮಾತ್ರ ಹಾಡಿನಲ್ಲೇ ಉಳಿದ.

ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಸದ್ಯಕ್ಕೆ ಇಲ್ಲಿಗೆ ಬಂದು ನಿಂತಿದೆ. ಪಾವಗಡದ ಕೂಲಿಯವಳನ್ನೋ, ಕಾಡಂಚಿನಲ್ಲಿ ಸೋಲಾರ್ ಬೇಲಿಯ ಈಚೆ ಮಲಗುವವನನ್ನೋ ಬರೆಯುವ ಕತೆಗಾರನಿಗೆ 'ದ್ವೀಪ'ದ ನಿಧಾನ ಬೇಕು, ಜೋತಮ್ಮನ ಕಣ್ಣು ಬೇಕು, ಸಿದ್ದಪ್ಪಾಜಿಯ ಜಂಬವೂ ಬೇಕು. ಮೂರೂ ಕೈಗೆಟುಕುವ ದೂರದಲ್ಲಿವೆ. ಚಿಕ್ಕಲ್ಲೂರಿನ ಜಾತ್ರೆ ಶುರುವಾಗುವುದು ಹುಣ್ಣಿಮೆಯ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುವುದರಿಂದ. ಬಿದಿರು, ಬಟ್ಟೆಯಿಂದ ಕಟ್ಟಿದ ಅದು ಯಾವ ದಿಕ್ಕಿಗೆ ಚೆನ್ನಾಗಿ ಉರಿಯುತ್ತದೋ ಆ ದಿಕ್ಕಿಗೆ ಆ ವರ್ಷ ಮಳೆಬೆಳೆ ಎಂದು ಜನ ನಂಬುತ್ತಾರೆ. ಉರಿಗೂ ಮಳೆಗೂ ಲೆಕ್ಕ ಇದೆ ಎಂದು ತಿಳಿದವರು, ಸಾವಿರಗಟ್ಟಲೆ, ಚಳಿಯಲ್ಲಿ ಕತ್ತು ಎತ್ತಿ ನೋಡುತ್ತಾ ನಿಂತಿರುತ್ತಾರೆ.